ಅಕ್ಷರ ಹತ್ತದ ಮಗುವಿಗೆ ಮನೆಯ ಪಾಠ

ಬುದ್ಧಿ ಚುರುಕಾಗಿದ್ದು, ಕಣ್ಣು ಕಿವಿಗಳಲ್ಲಿ ಯಾವ ದೋಷವೂ ಇಲ್ಲದೆ, ಏಳು ವರ್ಷಗಳ ಕಾಲ ಎಡೆಬಿಡದೆ ಪಾಠ ಹೇಳಿಸಿಕೊಂಡ ಹುಡುಗನೊಬ್ಬನಿಗೆ ಓದಲು ಬಾರದಿರುವುದು ಸಾಧ್ಯವೆ? ಸಾಧ್ಯವಿಲ್ಲವೆಂದೇ ಬಹುಮಂದಿಯ ನಂಬಿಕೆ. ಓದಲಾರದವನು ದಡ್ಡನಾಗಿರಬೇಕು, ಇಲ್ಲವೆ ಸೋಮಾರಿಯಾಗಿರಬೇಕು. ಮೂರನೆಯ ಕಾರಣವೊಂದು ಇರಬಹುದೆಂಬುದು ನಮಗೆ ಸುಲಭವಾಗಿ ತೋಚುವುದಿಲ್ಲ.

ಆ ಮೂರನೆಯ ಕಾರಣವನ್ನು ಲೋಕದ ಮುಂದಿಟ್ಟವರಲ್ಲಿ ಒಬ್ಬರು ಇಂಗ್ಲೆಂಡಿನ ಸಮುದ್ರತೀರದ ಸೀಫರ್ಡ್ ಎಂಬ ಊರಿನ ವೈದ್ಯರಾದ ಪ್ರಿಂಗಲ್ ಮಾರ್ಗನ್. 1896ನೆಯ ಇಸವಿ ನವೆಂಬರ್ 7ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಅವರು ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗನ ವೃತ್ತಾಂತವನ್ನು ಪ್ರಕಟಿಸಿದರು. ಹುಡುಗನು ಆಟಪಾಟಗಳಲ್ಲಿ ಯಾರಿಗೂ ಕಡಿಮೆಯಲ್ಲ. ಅಕ್ಷರಗಳನ್ನೆಲ್ಲ ಬಲ್ಲ, ಬಿಡಿಬಿಡಿಯಾಗಿ ಬರೆಯಲೂ ಬಲ್ಲ. ಆದರೆ ಅವು ಕೂಡಿ ಪದವಾದೊಡನೆ ಅವನಿಗೆ ಅಪರಿಚಿತವಾಗಿಬಿಡುತ್ತಿದ್ದುವು. ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದು, ಒಂದಕ್ಕಿಂತ ಹೆಚ್ಚು ಬಾರಿ ಎತ್ತಿ ತೋರಿಸುವವರೆಗೆ ತಪ್ಪನ್ನು ಗಮನಿಸಲಿಲ್ಲ. ಅದೇ ಹುಡುಗನು 749ನ್ನು 867ರಿಂದ ಗುಣಿಸೆಂದರೆ ಬೇಗನೆ ಸರಿಯಾಗಿ ಗುಣಿಸಿದನು. (ಉತ್ತರ 6,49,383, ವಾಚಕರು ತಾವೂ ಒಮ್ಮೆ ಮಾಡಿ ನೋಡಬಹುದು.) ಎರಡು ಸಂಖ್ಯೆಗಳ ಮೊತ್ತವನ್ನು ಅವುಗಳ ಅಂತರದಿಂದ ಗುಣಿಸಿದರೆ ವರ್ಗಗಳ ಅಂತರ ದೊರೆಯುವುದೆಂಬ ಬೀಜಗಣಿತದ ಸೂತ್ರವನ್ನು ತಡವರಿಸದೆ ಓದಿದನು. ವಿಚಿತ್ರವೆಂದರೆ, ನಾಲ್ಕನ್ನು ಅರ್ಧದಿಂದ ಗುಣಿಸುವುದು ಮಾತ್ರ ಅವನಿಂದಾಗಲಿಲ್ಲ! ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾಗಿದ್ದರೆ ಇವನೇ ಶಾಲೆಗೆ ಮೊದಲಿಗನಾಗುತ್ತಿದ್ದನೆಂದು ಅವನ ಉಪಾಧ್ಯಾಯರ ಅಭಿಪ್ರಾಯ. ಈ ಸ್ಥಿತಿಗೆ ಆಗ ‘ಹುಟ್ಟು ಪದಾಂಧತೆ’ ಎಂದು ಹೆಸರಿಟ್ಟರು. ಈಗ ಇದು ಡಿಸ್‌ಲೆಕ್ಸಿಯಾ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ನಾವು ಇಲ್ಲಿ ‘ಓದಿನ ತೊಡಕು’ ಎಂದು ಕರೆಯೋಣ.

ಈ ವೃತ್ತಾಂತದಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಮಾತಿದೆ. ಪರ್ಸಿಯು ಏಳನೆಯ ವಯಸ್ಸಿನಿಂದ ಶಾಲೆಯಲ್ಲಿಯೋ ಖಾಸಗಿ ಬೋಧಕರ ಬಳಿಯೋ ಕಲಿಯುತ್ತಲೇ ಇದ್ದನು; ಅವನಿಗೆ ಓದು ಕಲಿಸಲು ಬಹಳ ಶ್ರಮಪಟ್ಟಿದ್ದರು. ಅಂದರೆ ಒಬ್ಬ ಹುಡುಗನಿಗೆ ಒಬ್ಬ ಗುರುವೆಂಬ ವ್ಯವಸ್ಥೆಯೂ ಅವನ ಪಾಲಿಗೆ ಒದಗಿತ್ತು. ಫಲ ಮಾತ್ರ ದೊರೆಯಲಿಲ್ಲ. ಇಂದು ನಮ್ಮ ನಗರಗಳಲ್ಲಿಯೂ ಕೆಲವು ತಂದೆತಾಯಿಗಳು ಕಲಿಕೆಯ ತೊಡಕುಳ್ಳ ಮಕ್ಕಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲಿಯೇ ಕಲಿಸಲು ತೊಡಗಿರುವರು. ಮನೆಯೆಂದಮೇಲೆ ಮಮತೆಯುಂಟು, ಬಿಡುವುಂಟು, ನಗುವ ಸಹಪಾಠಿಗಳಿಲ್ಲ. ಇಷ್ಟಿದ್ದರೆ ಸಾಕೆಂದು ಅವರು ಭಾವಿಸುವುದು ಸಹಜ. ಸಾಲದೆಂಬುದಕ್ಕೆ ಪರ್ಸಿಯೇ ಸಾಕ್ಷಿ. ಗಂಟು ಎಲ್ಲಿ ಬಿದ್ದಿದೆಯೆಂಬುದು ಕಲಿಸುವವರಿಗೆ ತಿಳಿದಿರಬೇಕು. ತಿಳಿದವರ ಕೈಯಲ್ಲಿ ಮನೆಯ ಪಾಠ ಅದ್ಭುತವನ್ನು ಸಾಧಿಸಿರುವುದೂ ಉಂಟು, ಎರಡನ್ನೂ ನೋಡೋಣ.

ಮಾತು ಸಹಜ, ಓದು ಕೃತಕ

ಮಗು ಮಾತನ್ನು ಯಾರೂ ಪಾಠ ಹೇಳದೆ ಕಲಿಯುತ್ತದೆ. ಓದು ಹಾಗಲ್ಲ. ಮನುಷ್ಯನು ಬರೆಯಲು ತೊಡಗಿ ಸುಮಾರು ಐದು ಸಾವಿರ ವರ್ಷಗಳಾದುವು. ಮಾತಿನ ವಯಸ್ಸಿನ ಮುಂದೆ ಇದು ನಿನ್ನೆಯ ಸಂಗತಿ. ಓದಿಗೆಂದೇ ಮೀಸಲಾದ ಅಂಗವೊಂದು ಮೆದುಳಿನಲ್ಲಿ ಹುಟ್ಟುವಷ್ಟು ಕಾಲ ಸಂದಿಲ್ಲ. ಆದುದರಿಂದ ಓದು ಕಲಿಯುವ ಪ್ರತಿಯೊಂದು ಮಗುವೂ ಬೇರೆ ಕೆಲಸಕ್ಕಾಗಿ ಇದ್ದ ಭಾಗಗಳನ್ನು ಎರವಲು ಪಡೆದು, ಕಣ್ಣು ಕಂಡ ಆಕಾರಕ್ಕೂ ಕಿವಿ ಬಲ್ಲ ಧ್ವನಿಗೂ ಹೊಸದಾಗಿ ದಾರಿ ನಿರ್ಮಿಸಿಕೊಳ್ಳಬೇಕು. ಈ ದಾರಿ ಹೆಚ್ಚಾಗಿ ಎಡ ಮೆದುಳಿನ ಹಿಂಭಾಗದಲ್ಲಿ ಹಾಯುವುದೆಂದು ಮೆದುಳಿನ ಚಿತ್ರಗಳು ತೋರಿಸಿಕೊಟ್ಟಿವೆ.

ತೊಡಕು ಎಲ್ಲಿ? ಬಹುಕಾಲ ಇದನ್ನು ಕಣ್ಣಿನ ದೋಷವೆಂದು ಭಾವಿಸಿದ್ದರು. ಅಕ್ಷರಗಳು ತಿರುವುಮುರುವಾಗಿ ಕಾಣುತ್ತವೆಂಬ ನಂಬಿಕೆ ಇಂದೂ ಜನರಲ್ಲಿ ಉಳಿದಿದೆ. ಬಣ್ಣದ ಕನ್ನಡಕಗಳನ್ನು ಮಾರುವವರಿಗೆ ಈ ನಂಬಿಕೆ ಬಹಳ ಅನುಕೂಲ. ಓದಿನ ತೊಡಕಿಗೆ ಅವುಗಳಿಂದ ಪ್ರಯೋಜನವೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಹೆಚ್ಚಿನ ಮಕ್ಕಳಲ್ಲಿ ಗಂಟು ಬಿದ್ದಿರುವುದು ಧ್ವನಿಯ ಕಡೆ: ಕೇಳಿದ ಮಾತನ್ನು ಅದರ ಬಿಡಿ ಧ್ವನಿಗಳಾಗಿ ಮನಸ್ಸಿನಲ್ಲಿ ಒಡೆಯುವುದು ಅವರಿಗೆ ಕಷ್ಟ.

ಇದರಲ್ಲಿ ಕಷ್ಟವೇನು ಬಂತು ಎಂದು ವಾಚಕರು ಕೇಳಬಹುದು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಧ್ವನಿಗ್ರಾಹಕವೊಂದನ್ನು ಆಸಿಲೋಸ್ಕೋಪಿಗೆ ಜೋಡಿಸಿ ‘ಕಮಲ’ ಎಂದು ಹೇಳಿ ನೋಡಿರಿ. ಪರದೆಯ ಮೇಲೆ ಮೂಡುವ ಅಲೆಯಲ್ಲಿ ಕಕಾರ ಇಲ್ಲಿ ಮುಗಿಯಿತು, ಅಕಾರ ಇಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಒಂದರ ಬಾಲವನ್ನು ಇನ್ನೊಂದು ಮೆಟ್ಟಿಕೊಂಡಿರುತ್ತದೆ. ‘ಪ’ ‘ಬ’ಗಳ ಭೇದವನ್ನು ನೋಡಿರಿ. ಎರಡಕ್ಕೂ ತುಟಿ ಮುಚ್ಚಿ ತೆರೆಯಬೇಕು. ಬಕಾರದಲ್ಲಿ ತುಟಿ ತೆರೆಯುವ ಮುನ್ನವೇ ಗಂಟಲ ತಂತುಗಳು ಕಂಪಿಸತೊಡಗುತ್ತವೆ. ಪಕಾರದಲ್ಲಿ ತೆರೆದ ಮೇಲೆ. ಇವುಗಳ ನಡುವಣ ಅಂತರ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸು. ಇಷ್ಟು ಸೂಕ್ಷ್ಮವಾದ ಭೇದಗಳನ್ನು ಬಿಡಿಸಿ, ಒಂದೊಂದಕ್ಕೆ ಒಂದೊಂದು ಚಿಹ್ನೆಯನ್ನು ಅಂಟಿಸುವುದೇ ಓದಿನ ಮೊದಲ ಮೆಟ್ಟಿಲು. ಬಹುಮಂದಿಗೆ ಇದು ತಾನಾಗಿ ಕೈಗೂಡುವುದರಿಂದ ಇದೊಂದು ಕೆಲಸವೆಂಬುದೇ ನಮ್ಮ ಅರಿವಿಗೆ ಬರುವುದಿಲ್ಲ.

ಕನ್ನಡದ ಮಗುವಿಗೆ ಇಲ್ಲಿ ಒಂದು ಸೌಕರ್ಯವೂ ಒಂದು ಅನನುಕೂಲವೂ ಇವೆ. ಸೌಕರ್ಯವೆಂದರೆ ನಮ್ಮ ಲಿಪಿಯ ಪ್ರಾಮಾಣಿಕತೆ; ಬರೆದಂತೆ ಓದಿದರಾಯಿತು. ಇಂಗ್ಲಿಷಿನ ‘ಕಾಫ್’, ‘ರಫ್’, ‘ದೋ’, ‘ಥ್ರೂ’ ಎಂಬ ನಾಲ್ಕು ಪದಗಳು ಅವೇ ನಾಲ್ಕು ಅಕ್ಷರಗಳಿಂದ ಮುಗಿದರೂ ಉಚ್ಚಾರ ನಾಲ್ಕು ಬಗೆ. ಅಂತಹ ಮೋಸ ನಮ್ಮಲ್ಲಿಲ್ಲ. ಅನನುಕೂಲವೆಂದರೆ ಚಿಹ್ನೆಗಳ ಸಂಖ್ಯೆ. ಮೂವತ್ತನಾಲ್ಕು ವ್ಯಂಜನಗಳಿಗೆ ಒಂದೊಂದಕ್ಕೂ ಹದಿನೈದು ರೂಪಗಳ ಕಾಗುಣಿತವೆಂದರೆ 510 ಆಕಾರಗಳಾದುವು. ಒತ್ತಕ್ಷರಗಳ ಲೆಕ್ಕ ಬೇರೆ. ಕನ್ನಡ ಓದುವ ಮಕ್ಕಳನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯು, ನಮ್ಮ ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುವುದೆಂದು ತೋರಿಸಿತು. ಸಾಧಾರಣ ಮಗುವಿಗೇ ಹೀಗಾದರೆ ತೊಡಕುಳ್ಳ ಮಗುವಿನ ಗತಿಯನ್ನು ಊಹಿಸಿಕೊಳ್ಳಬಹುದು. ಪುಸ್ತಕವಾದರೋ ಎರಡನೆಯ ತರಗತಿಯಲ್ಲೇ ಅವನಿಗೆ ಅಕ್ಷರವೆಲ್ಲ ಬರುವುದೆಂದು ಭಾವಿಸಿ ಮುಂದೆ ಹೊರಟುಹೋಗಿರುತ್ತದೆ.

ಉಯ್ಯಾಲೆಯನ್ನು ನೂಕುವ ಬಗೆ

ಉಯ್ಯಾಲೆಯೊಂದನ್ನು ನೂಕುವವನು ಅದು ತನ್ನ ಬಳಿಗೆ ಬಂದು ಹಿಂದಿರುಗುವ ಹೊತ್ತಿಗೆ ಸರಿಯಾಗಿ ನೂಕಿದರೆ ಸಣ್ಣ ಕೈಯ ಬಲದಿಂದಲೇ ಅದು ಎತ್ತರಕ್ಕೇರುತ್ತದೆ. ಹೊತ್ತು ತಪ್ಪಿ ನೂಕಿದರೆ ಎಷ್ಟು ಬಲ ಹಾಕಿದರೂ ವ್ಯರ್ಥ. ಕೆಲವೊಮ್ಮೆ ಇದ್ದ ಚಲನೆಯೂ ನಿಂತುಹೋಗುತ್ತದೆ. ಇದು ಅನುರಣನದ ತತ್ತ್ವವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಐವತ್ತು ಮಕ್ಕಳ ತರಗತಿಯಲ್ಲಿ ಉಪಾಧ್ಯಾಯರು ಐವತ್ತು ಉಯ್ಯಾಲೆಗಳನ್ನು ಒಂದೇ ಹೊತ್ತಿಗೆ ನೂಕಬೇಕಾಗಿದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಮನೆಯ ಪಾಠಕ್ಕೆ ಇರುವ ನಿಜವಾದ ಅನುಕೂಲ ಇದೊಂದೇ: ಅಲ್ಲಿ ಉಯ್ಯಾಲೆ ಒಂದೇ ಇರುತ್ತದೆ, ಅದು ಹಿಂದಿರುಗುವವರೆಗೆ ಕಾಯಬಹುದು.

ಕಾಯುವುದೆಂದರೆ ಸುಮ್ಮನಿರುವುದಲ್ಲ. ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ 1920ರ ದಶಕದಲ್ಲಿ ಇಂತಹ ಮಕ್ಕಳನ್ನು ಅಭ್ಯಸಿಸಿದ ಮೇಲೆ, ಆನಾ ಗಿಲ್ಲಿಂಗ್‌ಹ್ಯಾಮ್ ಮತ್ತು ಬೆಸ್ಸಿ ಸ್ಟಿಲ್‌ಮನ್ ಎಂಬ ಇಬ್ಬರು ಶಿಕ್ಷಕಿಯರು ಪಾಠದ ಕ್ರಮವೊಂದನ್ನು ರೂಪಿಸಿದರು. ಅದರ ತಿರುಳು ಇಷ್ಟು: ಧ್ವನಿಯನ್ನೂ ಅಕ್ಷರವನ್ನೂ ಅತಿ ಸಣ್ಣ ಹೆಜ್ಜೆಗಳಲ್ಲಿ, ನಿಯತವಾದ ಕ್ರಮದಲ್ಲಿ ಕಲಿಸಬೇಕು; ಕಣ್ಣು, ಕಿವಿ, ನಾಲಗೆ, ಬೆರಳು ಎಲ್ಲವೂ ಏಕಕಾಲದಲ್ಲಿ ದುಡಿಯಬೇಕು; ಹಿಂದಿನದು ತಡವರಿಕೆಯಿಲ್ಲದೆ ಬರುವವರೆಗೆ ಮುಂದಿನದಕ್ಕೆ ಹೋಗಕೂಡದು.

ಇದನ್ನು ಓದಿದಾಗ ನಮಗೆ ನಮ್ಮ ಹಳೆಯ ಕೂಲಿಮಠಗಳ ನೆನಪಾಗದೆ ಇರಲಿಲ್ಲ. ಅಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತ, ತಿದ್ದುವಾಗಲೇ ಗಟ್ಟಿಯಾಗಿ ಹೇಳುತ್ತಿದ್ದರು. ಐಗಳ ಬೆತ್ತವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಮರಳಿನ ವಿಷಯದಲ್ಲಿ ಮಾತ್ರ ಅವರ ದಾರಿ ಸರಿಯಾಗಿತ್ತು. ಇಂದಿಗೂ ಅಕ್ಷರಾಭ್ಯಾಸದ ದಿನ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಯಿಸುವೆವು. ಮರುದಿನ ಆ ಅಕ್ಕಿ ಅಡಿಗೆಮನೆಗೆ ಹೋಗುತ್ತದೆ. ತೊಡಕುಳ್ಳ ಮಗುವಿನ ಮನೆಯಲ್ಲಿ ಆ ತಟ್ಟೆ ವರ್ಷವಿಡೀ ಇರಬೇಕು.

ಪಾಠ ಹೇಗೆ ನಡೆಯುವುದೆಂಬುದಕ್ಕೆ ಒಂದು ಮಾದರಿ. ಮೊದಲು ಪುಸ್ತಕವಿಲ್ಲದೆ ಕಿವಿಯ ಆಟ. ‘ಕಮಲದಲ್ಲಿ ಮೊದಲನೆಯದನ್ನು ತೆಗೆದರೆ ಏನುಳಿಯಿತು?’ ‘ಮಲ.’ ಇದು ಬಂದ ಮೇಲೆ ಇನ್ನೂ ಸೂಕ್ಷ್ಮವಾದುದು: ‘ಕ’ದಲ್ಲಿ ಅಕಾರವನ್ನು ತೆಗೆದು ಇಕಾರವನ್ನಿಟ್ಟರೆ? ಗಂಟಲ ಮೇಲೆ ಕೈಯಿಟ್ಟು ‘ಪ’, ‘ಬ’ ಎನ್ನಿಸಿದರೆ ಕಂಪನದ ಭೇದವನ್ನು ಮಗು ಬೆರಳಿನಿಂದಲೇ ಅರಿಯುತ್ತದೆ. ಆಮೇಲೆ ಅಕ್ಷರ. ‘ವ’ ಕಲಿತ ದಿನವೇ ‘ಮ’ವನ್ನು ಕಲಿಸಬಾರದು, ಎರಡಕ್ಕೂ ಭೇದ ಒಂದು ಕೊಂಡಿ ಮಾತ್ರ. ‘ದ’, ‘ಧ’, ‘ಥ’ಗಳನ್ನು ವರ್ಣಮಾಲೆಯಲ್ಲಿ ನೆರೆಹೊರೆಯವೆಂದು ಒಟ್ಟಿಗೆ ತರದೆ ಕೆಲವು ವಾರಗಳ ಅಂತರದಲ್ಲಿ ಕಲಿಸಬೇಕು. ಹತ್ತು ಹದಿನೈದು ನಿಮಿಷಗಳ ಪಾಠ ದಿನಕ್ಕೆ ಎರಡು ಬಾರಿ ನಡೆದರೆ, ಒಂದೇ ಬಾರಿ ಕಣ್ಣೀರಿನೊಡನೆ ನಡೆಯುವ ಎರಡು ಗಂಟೆಗಿಂತ ಮೇಲು. ಮನಸ್ಸು ಒಮ್ಮೆಗೆ ಹಿಡಿದಿಡಬಲ್ಲ ಹೊಸ ಸಂಗತಿಗಳು ದೊಡ್ಡವರಲ್ಲೇ ನಾಲ್ಕರ ಆಸುಪಾಸು. ಅಕ್ಷರಗಳನ್ನು ಗುರುತಿಸುವುದರಲ್ಲೇ ಅಷ್ಟೂ ಜಾಗ ತುಂಬಿಹೋದರೆ ಅರ್ಥಕ್ಕೆ ಎಡೆಯೆಲ್ಲಿ?

ಪ್ರಯೋಗಶಾಲೆಯ ಅಭ್ಯಾಸದಿಂದ ನಾವು ಇನ್ನೊಂದನ್ನು ಸೇರಿಸುವೆವು. ಮನೆಯಲ್ಲಿ ಕಲಿಸುವವರು ಒಂದು ಪ್ರಯೋಗಪುಸ್ತಕವನ್ನು ಇಡಬೇಕು: ತಾರೀಖು, ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಪದಗಳು, ತಪ್ಪಿದ ಅಕ್ಷರಗಳು. ತಿಂಗಳ ಕೊನೆಗೆ ಚೌಕಳಿ ಕಾಗದದಲ್ಲಿ ನಕ್ಷೆ ಬರೆದರೆ, ದಿನನಿತ್ಯದ ಏರಿಳಿತದಲ್ಲಿ ಕಾಣದ ಪ್ರಗತಿ ಕಣ್ಣಿಗೆ ಬೀಳುತ್ತದೆ. ಪ್ರಗತಿ ಇಲ್ಲದಿದ್ದರೆ ಅದೂ ತಿಳಿಯುತ್ತದೆ. ಆಗ ಕ್ರಮವನ್ನು ಬದಲಿಸಬೇಕೇ ಹೊರತು ಮಗುವನ್ನು ಬೈಯುವುದಲ್ಲ. ಇಂತಹ ಕ್ರಮವಾದ ಧ್ವನಿಪಾಠದ ನಂತರ ಮಕ್ಕಳ ಎಡ ಮೆದುಳಿನ ಓದಿನ ಭಾಗಗಳಲ್ಲಿ ಚಟುವಟಿಕೆ ಹೆಚ್ಚುವುದನ್ನು 2003 ಮತ್ತು 2004ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿಕೊಟ್ಟವು. ಕಾಲುದಾರಿ ತುಳಿದಷ್ಟೂ ಸವೆಯುವುದಷ್ಟೆ.

ಲೆಕ್ಕದ ತೊಡಕು ಬೇರೊಂದು ಕಥೆ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು. ಪರ್ಸಿಗೆ ಬಾರದ ಆ ಲೆಕ್ಕವನ್ನು ಮಾತ್ರ ಹೇಳಿಬಿಡುವೆವು: ನಾಲ್ಕು ರೊಟ್ಟಿಗಳನ್ನು ಒಂದೊಂದಾಗಿ ಅರ್ಧಕ್ಕೆ ಮುರಿದು, ಒಂದೊಂದು ಅರ್ಧವನ್ನು ಮಗುವಿನ ತಟ್ಟೆಗೆ ಹಾಕಿದರೆ ಎರಡು ರೊಟ್ಟಿ ಕೂಡಿಬರುವುದು ಕಾಣುತ್ತದೆ.

ಒಂದು ತೋಟದ ಮನೆಯಲ್ಲಿ

ಕ್ರಮವರಿತ ಮನೆಪಾಠ ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಹೆಲೆನ್ ಕೆಲ್ಲರಳ ಕಥೆಗಿಂತ ದೊಡ್ಡ ನಿದರ್ಶನವಿಲ್ಲ. ಕಥೆ ಎಲ್ಲರಿಗೂ ಗೊತ್ತಿದೆ. ಆದರೆ ಅದನ್ನು ಪವಾಡವೆಂದು ಹೇಳುವ ಭರದಲ್ಲಿ ಅದರೊಳಗಿನ ಶಾಸ್ತ್ರವನ್ನು ಮರೆಯುತ್ತೇವೆ.

ಅಮೆರಿಕದ ಅಲಬಾಮ ಸಂಸ್ಥಾನದ ಟಸ್ಕಂಬಿಯ ಎಂಬ ಊರಿನಲ್ಲಿ 1880ರಲ್ಲಿ ಹುಟ್ಟಿದ ಹೆಲೆನ್ ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಕಾಯಿಲೆಯಿಂದ ಕಣ್ಣು ಕಿವಿ ಎರಡನ್ನೂ ಕಳೆದುಕೊಂಡಳು. 1887ರ ಮಾರ್ಚ್ 3ರಂದು ಇಪ್ಪತ್ತು ವರ್ಷದ ಆನ್ ಸಲಿವನ್ ಅವಳಿಗೆ ಕಲಿಸಲು ಆ ಮನೆಗೆ ಬಂದಳು. ತಾನೂ ಕಣ್ಣಿನ ಬೇನೆಯಿಂದ ನರಳಿದವಳು. ಬರುವ ಮುನ್ನ ಆಕೆ ಬಾಸ್ಟನ್ನಿನ ಪರ್ಕಿನ್ಸ್ ಅಂಧಶಾಲೆಯಲ್ಲಿ ತಿಂಗಳುಗಟ್ಟಲೆ ಕುಳಿತು, ಲಾರಾ ಬ್ರಿಡ್ಜ್‌ಮನ್ ಎಂಬ ಕುರುಡು ಕಿವುಡು ಬಾಲಿಕೆಗೆ ಅರ್ಧ ಶತಮಾನಕ್ಕೆ ಹಿಂದೆ ಸ್ಯಾಮ್ಯುಯೆಲ್ ಹೌ ಕಲಿಸಿದ ಬಗೆಯ ವರದಿಗಳನ್ನು ಓದಿಕೊಂಡಿದ್ದಳು. ಅಂಗೈಯಲ್ಲಿ ಬೆರಳಚ್ಚಿನಿಂದ ಅಕ್ಷರ ಮೂಡಿಸುವ ವಿದ್ಯೆ ಅಲ್ಲಿಂದ ಬಂದುದು. ಏಪ್ರಿಲ್ 5ರಂದು ನೀರಿನ ಪಂಪಿನ ಬಳಿ, ಒಂದು ಕೈಯ ಮೇಲೆ ನೀರು ಹರಿಯುತ್ತಿರುವಾಗ ಇನ್ನೊಂದು ಅಂಗೈಯಲ್ಲಿ ಮೂಡಿದ ಅಕ್ಷರಗಳು ಆ ನೀರಿನ ಹೆಸರೆಂಬುದು ಮಗುವಿಗೆ ಹೊಳೆಯಿತು.

ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುವರು. ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮುಂದಿನ ವಾರ ನಡೆದುದು. ಮನೆಯಲ್ಲಿ ಹೆಲೆನಳ ನಂಟರ ಹದಿನೈದು ತಿಂಗಳ ಕೂಸೊಂದಿತ್ತು. ಅದು ಮಾತನಾಡುವ ಮೊದಲೇ ಮಾತನ್ನು ತಿಳಿಯುವುದನ್ನು ಸಲಿವನ್ ಗಮನಿಸಿದಳು. ಕೂಸಿಗೆ ಯಾರೂ ಹೊತ್ತು ಗೊತ್ತುಮಾಡಿ ಪಾಠ ಹೇಳುವುದಿಲ್ಲ. ಸುತ್ತಲಿನವರು ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತಿರುತ್ತಾರೆ, ಅದು ಹೀರಿಕೊಳ್ಳುತ್ತಿರುತ್ತದೆ. ಹಾಗಾದರೆ ಹೆಲೆನಳ ಕಿವಿಗೆ ಆಡಲಾಗದ ಮಾತನ್ನು ಅವಳ ಕೈಗೆ ಏಕೆ ಆಡಬಾರದು? ಅಂದಿನಿಂದ ಆಕೆ ಗೊತ್ತಾದ ಪಾಠವನ್ನು ಸದ್ಯಕ್ಕೆ ಕೈಬಿಟ್ಟು, ತೋಟ, ಕೋಳಿ, ಹೂವು, ಮಳೆ ಎಲ್ಲವನ್ನೂ ಪೂರ್ಣ ವಾಕ್ಯಗಳಲ್ಲಿ ದಿನವಿಡೀ ಅಂಗೈಯೊಳಗೆ ಹೇಳತೊಡಗಿದಳು. ಕೆಲವೇ ತಿಂಗಳುಗಳಲ್ಲಿ ಹೆಲೆನಳಿಗೆ ನೂರಾರು ಪದಗಳು ಬಂದುವು. 1904ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಪದವೀಧರೆಯಾದಳು. ನೋಡಿ ಅರಿಯುವುದು, ಊಹಿಸುವುದು, ಪ್ರಯೋಗಿಸುವುದು: ವಿಜ್ಞಾನದ ವಿಧಾನವೆಂದು ನಾವು ತರಗತಿಯಲ್ಲಿ ಬಣ್ಣಿಸುವುದು ಇದನ್ನೇ ಅಲ್ಲವೆ?

ಎಲ್ಲ ಮನೆಗಳಿಗೂ ಒಬ್ಬ ಸಲಿವನ್ ದೊರೆಯುವುದಿಲ್ಲ. ಆಗ ತಾಯಿತಂದೆಗಳನ್ನೇ ಗುರುಗಳನ್ನಾಗಿ ಮಾಡಬೇಕು. ಲೂಯಿಸ್ ಟ್ರೇಸಿ ಎಂಬಾಕೆಯ ಮಗ 1924ರಲ್ಲಿ ಹುಟ್ಟುಕಿವುಡನಾಗಿ ಜನಿಸಿದನು. ಅವನಿಗೆ ಮನೆಯಲ್ಲಿ ತಾನೇ ಕಲಿಸಿದ ಆಕೆ 1942ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಂದು ಚಿಕಿತ್ಸಾಲಯವನ್ನು ಸ್ಥಾಪಿಸಿ, ಕಿವುಡು ಮಕ್ಕಳ ತಾಯಂದಿರಿಗೆ ಅಂಚೆಯ ಮೂಲಕ ಉಚಿತವಾಗಿ ಪಾಠ ಕಳುಹಿಸುವ ಏರ್ಪಾಡು ಮಾಡಿದಳು. ನಮ್ಮಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪಿತವಾಯಿತು. ಅಲ್ಲಿಯ ಶಿಶುಪಾಠಶಾಲೆಯಲ್ಲಿ ಮಗುವಿನೊಡನೆ ತಾಯಿಗೂ ಶಿಕ್ಷಣವುಂಟು.

ಮನೆ ಸಾಲದಿರುವ ಕಡೆ

ಇಷ್ಟು ಹೇಳಿದ ಮೇಲೆ, ಹಾಗಾದರೆ ಎಲ್ಲರನ್ನೂ ಶಾಲೆ ಬಿಡಿಸೋಣವೆಂದು ಯಾರೂ ಹೊರಡಬಾರದು. ಮನೆಪಾಠದ ಪರವಾಗಿ ಮಾತನಾಡುವವರು ಎಡಿಸನ್ನನ ಹೆಸರನ್ನು ಎತ್ತದೆ ಬಿಡುವುದಿಲ್ಲ. ಅವನು ಶಾಲೆಯಲ್ಲಿದ್ದುದು ಕೆಲವೇ ತಿಂಗಳು, ಆಮೇಲೆ ಉಪಾಧ್ಯಾಯಿನಿಯಾಗಿದ್ದ ಅವನ ತಾಯಿ ನ್ಯಾನ್ಸಿ ಮನೆಯಲ್ಲಿ ಕಲಿಸಿದಳು ಎಂಬುದೆಲ್ಲ ದಿಟ. ಅವನಿಗೆ ಓದಿನ ತೊಡಕಿತ್ತೆಂಬುದು ಮಾತ್ರ ಸತ್ತವರ ನಾಡಿ ಹಿಡಿದು ಹೇಳಿದ ರೋಗ. ಒಂಬತ್ತು ಹತ್ತು ವರ್ಷದೊಳಗೆ ಭೌತಶಾಸ್ತ್ರದ ಪುಸ್ತಕವನ್ನು ಓದಿ ಅದರ ಪ್ರಯೋಗಗಳನ್ನು ಮಾಡಿದವನನ್ನು ಆ ಪಟ್ಟಿಗೆ ಸೇರಿಸಲು ನಮಗೆ ಮನಸ್ಸೊಪ್ಪದು.

ಅದಕ್ಕಿಂತ ನಿಜವಾದ ಪಾಠ ರಷ್ಯದ ಟ್ಸಿಯೊಲ್ಕೊವ್‌ಸ್ಕಿಯವರ ಬಾಳಿನಲ್ಲಿದೆ. 1857ರಲ್ಲಿ ಹುಟ್ಟಿದ ಅವರು ಹತ್ತರ ಸುಮಾರಿಗೆ ಬಂದ ಕೆಂಜ್ವರದಿಂದ ಬಹುಮಟ್ಟಿಗೆ ಕಿವುಡರಾದರು. ತರಗತಿಯಲ್ಲಿ ಪಾಠ ಕೇಳಿಸದು. ಮನೆಯಲ್ಲಿ ಆಸರೆಯಾಗಿದ್ದ ತಾಯಿ 1870ರಲ್ಲಿ ತೀರಿಕೊಂಡಳು. ಆಮೇಲೆ ತಂದೆಯ ಪುಸ್ತಕಗಳು, ಮಾಸ್ಕೋವಿನ ಒಂದು ಗ್ರಂಥಾಲಯ, ಇವೇ ಅವರ ಶಾಲೆ. ರಾಕೆಟ್ಟಿನ ಚಲನೆಯ ಸಮೀಕರಣವನ್ನೊಳಗೊಂಡ ಅವರ ಪ್ರಬಂಧ ಹೊರಬಂದುದು 1903ರಲ್ಲಿ. ಆದರೆ ಕಿವುಡುತನ ತಮ್ಮನ್ನು ಜನರಿಂದ ದೂರಮಾಡಿತೆಂದು ಅವರೇ ಬರೆದುಕೊಂಡಿರುವರು. ಅವರಷ್ಟು ಪ್ರತಿಭೆಯಿಲ್ಲದೆ ಅವರಷ್ಟೇ ಒಂಟಿತನವನ್ನು ಅನುಭವಿಸಿದ ಮಕ್ಕಳ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಮನೆಯಲ್ಲಿ ಕಲಿಯುವ ಮಗುವಿಗೆ ಸಂಜೆಯ ಆಟ, ಸಂಗೀತದ ಗುಂಪು, ಓರಗೆಯವರೊಡನೆ ಜಗಳ, ಇವು ಪಾಠದಷ್ಟೇ ಅವಶ್ಯ.

ಇನ್ನೊಂದು ಅಪಾಯವೂ ಇದೆ. ನಮ್ಮ ದೇಶದಲ್ಲಿ ‘ಮನೆಯಲ್ಲಿಟ್ಟುಕೊಳ್ಳುವುದು’ ಎಂದರೆ ಬಹುಕಾಲ ಕಲಿಸುವುದೆಂಬ ಅರ್ಥವಿರಲಿಲ್ಲ, ಬಚ್ಚಿಡುವುದೆಂಬ ಅರ್ಥವಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿಯು, ಬಹುವಿಧದ ಇಲ್ಲವೆ ತೀವ್ರವಾದ ಅಂಗವೈಕಲ್ಯವುಳ್ಳ ಮಗು ಮನೆಯಲ್ಲಿ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದೆಂದು ಹೇಳಿತು. ಆರಿಸುವ ಹಕ್ಕು ಮಗುವಿನದು. ‘ಇವನನ್ನು ಮನೆಗೆ ಕರೆದುಕೊಂಡು ಹೋಗಿ’ ಎನ್ನುವ ಹಕ್ಕು ಶಾಲೆಯದಲ್ಲ. ಓದಿನ ತೊಡಕನ್ನು ಒಳಗೊಂಡ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಇಪ್ಪತ್ತೊಂದು ಬಗೆಗಳಲ್ಲಿ ಸೇರಿಸಲಾಗಿದೆ. ತಜ್ಞರಿಂದ ಪ್ರಮಾಣಪತ್ರ ಪಡೆದ ಇಂತಹ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶ, ಬರೆದುಕೊಡುವ ಸಹಾಯಕ ಮುಂತಾದ ಸೌಲಭ್ಯಗಳುಂಟು. ಶಾಲೆಗೆ ಹೋಗದೆಯೇ ಪರೀಕ್ಷೆ ಕಟ್ಟಬಯಸುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿಯಿದೆ. ಹೆಚ್ಚಿನ ಮಕ್ಕಳಿಗೆ ಒಪ್ಪುವುದು ಇವೆರಡರ ನಡುವಿನ ದಾರಿಯೆಂದು ನಮ್ಮ ಎಣಿಕೆ: ಹಗಲು ಶಾಲೆ, ಬೆಳಗ್ಗೆ ಸಂಜೆ ಮರಳಿನ ತಟ್ಟೆ. ಮನೆಯ ಪಾಠವೆಂದರೆ ನಮ್ಮಲ್ಲಿ ಬಹುಪಾಲು ತಾಯಿಯ ದುಡಿಮೆಯೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೀರು, ಒಲೆ, ಹೊಲ, ಕೂಲಿ ಇವುಗಳ ನಡುವೆ ಅಕ್ಷರವನ್ನೂ ಅವಳ ತಲೆಗೇ ಕಟ್ಟಿ ಉಳಿದವರು ಕೈಕಟ್ಟಿ ಕೂರುವುದು ನ್ಯಾಯವಲ್ಲ.

ಅಲ್ಲಿ ನಿಮ್ಮಂತಹ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಓದು ನಿಧಾನವಾದ ಹನ್ನೆರಡು ವರ್ಷದ ತಮ್ಮನಿಗೋ ತಂಗಿಗೋ ತಿಳಿವಳಿಕೆ ಹನ್ನೆರಡು ವರ್ಷದ್ದೇ. ‘ಅಗಸ, ಆಟ’ಗಳನ್ನೇ ತಿಂಗಳಾನುಗಟ್ಟಲೆ ಓದಿಸಿದರೆ ಅವರಿಗೆ ಬೇಸರ ಬರುವುದು ನ್ಯಾಯವಾಗಿದೆ. ಅಕ್ಷರದ ಪಾಠ ಅದರ ವೇಗದಲ್ಲಿ ಸಾಗಲಿ. ವಿಜ್ಞಾನ, ಚರಿತ್ರೆಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆ ಅವರ ಪಾಠಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳಿರಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಟ್ಟರೆ ಅವರು ಬೇಕಾದಷ್ಟು ಬಾರಿ ಕೇಳಿಕೊಳ್ಳಬಹುದು. ಓದುವಾಗ ಪುಟದ ಸಂಖ್ಯೆಯನ್ನೂ, ಚಿತ್ರ ಬಂದಲ್ಲಿ ಚಿತ್ರದ ಸಂಖ್ಯೆಯನ್ನೂ ಹೇಳಿ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಇಲ್ಲವಾದರೆ ಕೇಳುವ ಹುಡುಗನು ಪೀನಮಸೂರದ ಚಿತ್ರವನ್ನು ಹುಡುಕುತ್ತಿರುವಾಗ ನೀವು ಪ್ರಿಸಮ್ಮಿಗೆ ಬಂದುಬಿಟ್ಟಿರುವಿರಿ.